ಅಪ್ಪನ 34 ವಾಗ್ದಾನದ ಕಾರ್ಡು. ದೇವರು ನಂಬಿಗಸ್ತ ಅಂದ್ರೆ ನಿಜವಾಗ್ಲೂ ಎಂತ?

ಹೊಸನಗರದ ಹಿಂಗಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಿದ್ರೆ ಓದಿ.

ನಮ್ದು ಹೊಸನಗರ ಸೈಡು, ಎರಡೂವರೆ ಎಕರೆ ಅಡಿಕೆ, ಮರಕ್ಕೆ ಒಂದಿಷ್ಟು ಮೆಣಸಿನ ಬಳ್ಳಿ. ಅಪ್ಪ ಹೋಗಿ ಎಂಟು ತಿಂಗಳಾಯ್ತು. ಮೊನ್ನೆ ಮಳೆ ಹಿಡ್ಕೊಂಡು ಮೂರು ದಿನ ತೋಟಕ್ಕೆ ಕಾಲಿಡಕ್ಕೆ ಆಗ್ಲಿಲ್ಲ, ಸರಿ ಅಂತ ಅಪ್ಪನ ಸತ್ಯವೇದ (ಬೈಬಲ್) ತೆಗೆದು ಒರೆಸಕ್ಕೆ ಕೂತೆ, ಬೂಸ್ಟು ಹಿಡಿದಿತ್ತು. ಒಳಗಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಬಿತ್ತು. ಡಿಸೆಂಬರ್ 31ರ ರಾತ್ರಿ ಆರಾಧನೆಲಿ ತಟ್ಟೆ ಹಿಡ್ಕೊಂಡು ಬರ್ತಾರಲ್ಲ, ಕಣ್ಣು ಮುಚ್ಕೊಂಡು ಒಂದು ಎತ್ಕೊಳ್ಳೋದು, ಆ ವಾಗ್ದಾನದ ಕಾರ್ಡುಗಳು. ಎಣಿಸಿದೆ, 34 ಇದ್ವು.

ಹಿಂದುಗಡೆ ತಿರುಗಿಸಿ ನೋಡ್ತೀನಿ, ಎಲ್ಲದರಲ್ಲೂ ಆ ವರ್ಷದ ಲೆಕ್ಕ. ಔಷಧಿಗೆ ಹಾಕೋ ಮೈಲುತುತ್ತ ಎಷ್ಟು ಕೆಜಿ, ಮರ ಹತ್ತೋ ಕೊನೆಗೌಡ್ರಿಗೆ ಕೊಟ್ಟಿದ್ದೆಷ್ಟು, ಸೊಸೈಟಿ ಬಡ್ಡಿ ಬಾಕಿ ಎಷ್ಟು. "ನಿನಗೆ ಯಾವ ಕೊರತೆಯೂ ಇಲ್ಲ" ಅನ್ನೋ ತರದ ವಚನದ ಬೆನ್ನಿಗೆ "ಬೋರ್ ಫೇಲು, ಮತ್ತೆ ಸಾಲ" ಅಂತ ಪೆನ್ಸಿಲಲ್ಲಿ ಬರೆದಿದ್ರು. ನಗು ಬಂತು ಮೊದ್ಲು. ಆಮೇಲೆ ನಗು ನಿಂತೋಯ್ತು. ಯಾಕಂದ್ರೆ ನಾನು ಪಾಸ್‌ಬುಕ್ ತಾಳೆ ಹಾಕ್ದಂಗೆ ಒಂದೊಂದೇ ತಾಳೆ ಹಾಕಕ್ಕೆ ಶುರು ಮಾಡ್ದೆ, ಮುಂದೆ ದೇವರು ಹೇಳಿದ್ದು, ಹಿಂದೆ ನಡೆದಿದ್ದು.

ಎಲೆಚುಕ್ಕಿ ರೋಗ ಜೋರಾದ ವರ್ಷದ ಕಾರ್ಡು ಯೆರೆಮೀಯ 29:11. ನಿಮಗೆ ಕೇಡಲ್ಲ ಒಳ್ಳೇದನ್ನೇ ಯೋಚಿಸಿದೀನಿ ಅನ್ನೋದು. ಆ ವರ್ಷ ಸೋಗೆ ಸುಟ್ಟಂಗಾಗಿ ಅರ್ಧಕ್ಕರ್ಧ ಫಸಲಿಲ್ಲ, ಮರುವರ್ಷ ಅಪ್ಪಂಗೆ ಕಿಡ್ನಿ ಕಾಯಿಲೆ ಅಂತ ಗೊತ್ತಾಯ್ತು, ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಅಂತ ಹೋಗಿ ಬಂದು ಹೋಗಿ ಬಂದು ಕೊನೆಗೆ ಹೋಗೇ ಬಿಟ್ರು.

ಪ್ರತಿ ಭಾನುವಾರ "ದೇವರು ನಂಬಿಗಸ್ತನು" ಅಂತೀವಿ. ನಾನು ನಂಬಿಕೆ ಬಿಟ್ಟೋನಲ್ಲ, ಜಗಳಕ್ಕೂ ಬಂದಿಲ್ಲ. ಆದ್ರೆ ಈ 34 ಕಾರ್ಡನ್ನ ಎಂತ ಮಾಡ್ಲಿ ಹೇಳಿ.

ಸ್ತೋತ್ರ ಬ್ರದರ್

ಬ್ರದರ್ ಸ್ತೋತ್ರ. ತಂದೆಯವರ ವಿಷಯ ಕೇಳಿ ದುಃಖ ಆಯ್ತು. ಒಂದು ಕೇಳ್ತೀನಿ ಬೇಜಾರು ಮಾಡ್ಕೋಬೇಡಿ, ದಶಮಾಂಶ, ಅಂದ್ರೆ ಆದಾಯದ ಹತ್ತನೇ ಒಂದು ಪಾಲು ದೇವರಿಗೆ, ಸರಿಯಾಗಿ ಕೊಡ್ತಿದ್ರಾ? ಮಲಾಕಿಯ 3:10 ನೋಡಿ, ಅದನ್ನ ಕೊಟ್ರೆ ಆಶೀರ್ವಾದ ಸುರಿಸ್ತೀನಿ ಅಂತ ಇದೆ. ದೇವರು ಮಾತು ತಪ್ಪೋದಿಲ್ಲ, ತಪ್ಪಿದ್ರೆ ನಮ್ಮ ಕಡೆನೇ ಇರತ್ತೆ.

ಮಂಡಗದ್ದೆ ಕೊಕ್ಕರೆ

ಬಂದ್ರಪ್ಪ ಎಲೀಫಜನೋರು. ಯೋಬನ ಪುಸ್ತಕ ಓದಿದೀರಾ ಬ್ರದರ್? ಅದ್ರಲ್ಲಿ ಎಲ್ಲಾ ಕಳ್ಕೊಂಡ ಯೋಬನ ಹತ್ರ ಎಲೀಫಜ ಸೇರಿ ಮೂರು ಜನ ಸ್ನೇಹಿತರು ಬರ್ತಾರೆ, ಏಳು ದಿನ ಸುಮ್ನೆ ಪಕ್ಕದಲ್ಲಿ ಕೂತಿದ್ರು, ಅಲ್ಲಿವರೆಗೂ ಸರಿ ಇದ್ರು. ಬಾಯಿ ಬಿಟ್ಟ ಮೇಲೆ ಶುರು ಆಯ್ತು, ನೀನೇ ಏನೋ ಮಾಡಿರ್ಬೇಕು ಅಂತ. ಕೊನೆ ಅಧ್ಯಾಯದಲ್ಲಿ ದೇವರು ಎಲೀಫಜನ್ನ ಕರೆದು ನೀವು ನನ್ನ ವಿಷಯ ಸರಿಯಾಗಿ ಮಾತಾಡ್ಲಿಲ್ಲ, ಯೋಬನೇ ಸರಿ ಅಂತಾನೆ. ಅಷ್ಟುದ್ದ ದೇವರ ಪರ ವಕಾಲತ್ತು ಮಾಡಿದೋರಿಗೇ ಬೈಗುಳ ಬಿದ್ದಿದ್ದು. ಎಂಟು ತಿಂಗಳ ಹಿಂದೆ ಅಪ್ಪನ್ನ ಮಣ್ಣು ಮಾಡಿದೋನ ಹತ್ರ ದಶಮಾಂಶದ ರಸೀತಿ ಕೇಳ್ತೀರಲ್ಲ ಮಾರಾಯ್ರೆ.

ಹೊಸನಗರದ ಹಿಂಗಾರ

ಬಿಡಿ ಕೊಕ್ಕರೆ ಅಣ್ಣ. ಬ್ರದರ್, ಅಪ್ಪ ಕೊಡ್ತಿದ್ರು. ಅದೂ ಕಾರ್ಡಿನ ಹಿಂದೆ ಬರೆದಿದೆ, ಸೊಸೈಟಿ ಬಾಕಿಗಿಂತ ಮೇಲಿನ ಸಾಲಲ್ಲಿ.

ತುಂಗಾ ತೀರದ ಟೀಚರು

ತಮ್ಮಾ, ನಾನು ಸಂಡೇ ಸ್ಕೂಲಲ್ಲಿ ಬಹಳ ವರ್ಷ ಪಾಠ ಮಾಡಿದೋಳು. ಈ ಯೆರೆಮೀಯ 29:11 ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡ್ಸಿದೀನೋ ಲೆಕ್ಕ ಇಲ್ಲ. ಅದರ ಹಿಂದಿನ ವಚನ, ಹತ್ತನೇದು, ಒಂದು ಸಲನೂ ಮಾಡ್ಸಿಲ್ಲ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ. ಹತ್ತರಲ್ಲಿ ಏನಿದೆ ಅಂದ್ರೆ, 70 ವರ್ಷ ತುಂಬಿದ ಮೇಲೆ ಅಂತ ಇದೆ.

ಅದೊಂದು ಕಾಗದ ಕಣಪ್ಪ. ಕ್ರಿ.ಪೂ. 597ರಲ್ಲಿ ಬಾಬೆಲಿನವರು ಯೆರೂಸಲೇಮಿಗೆ ಬಂದು ರಾಜನ ಸಮೇತ ಜನರನ್ನ ಹಿಡ್ಕೊಂಡು ಹೋದ್ರು, ಅಲ್ಲಿ ಸೆರೆಲಿದ್ದೋರಿಗೆ ಊರಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯ ಬರೆದಿದ್ದು. ನಲವತ್ತು ವರ್ಷದ ಒಬ್ಬ ಗೃಹಸ್ಥ ಆ ಕಾಗದ ಓದಿಸ್ಕೊಂಡು ಕೇಳ್ದ ಅಂತ ಇಟ್ಕೋ, ಬೆರಳು ಮಡಚಿ ಲೆಕ್ಕ ಹಾಕಿರ್ತಾನೆ, ತನಗಂತೂ ಊರು ಕಾಣೋ ಭಾಗ್ಯ ಇಲ್ಲ ಅಂತ ಅಲ್ಲೇ ಗೊತ್ತಾಗಿರತ್ತೆ. ಇದರ ಹಿಂದಿನ ಅಧ್ಯಾಯ ಇನ್ನೂ ಮಜಾ ಇದೆ, ಅಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರ್ತಾನೆ, ಎಲ್ಲರ ಮುಂದೆ ನಿಂತು ಎರಡೇ ವರ್ಷ, ಎಲ್ಲಾ ವಾಪಸ್ ಬರತ್ತೆ ಅಂತ ಹೇಳ್ತಾನೆ. ಜನಕ್ಕೆ ಹನನ್ಯನೇ ಇಷ್ಟ ಆಗಿರ್ಬೇಕು, ನಾನಾದ್ರೂ ಅವನ ಕಡೆನೇ ಹೋಗ್ತಿದ್ದೆ. ಅವನಾಡಿದ್ದು ಸುಳ್ಳು. 70 ಅಂದವನ ಮಾತು ನಿಂತಿತು.

ನನ್ನ ಕೇಳಿದ್ರೆ ಹನನ್ಯ ಇವತ್ತು ಬದುಕಿದ್ರೆ ಕಾರ್ಡ್ ಪ್ರಿಂಟ್ ಹಾಕ್ಸೋ ಕೆಲಸ ಅವನದೇ ಆಗಿರ್ತಿತ್ತು.

ಮತ್ತೆ ಆ ಕಾಗದದ ಶುರುಲಿ ದೇವರು ಹೇಳೋದು ಏನು? ಮನೆ ಕಟ್ಕೊಳ್ಳಿ, ತೋಟ ಹಾಕಿ, ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ಆ ಪರಊರು ಚೆನ್ನಾಗಿರ್ಲಿ ಅಂತ ಪ್ರಾರ್ಥಿಸಿ. ಸೆರೆ ಬಿಡಿಸ್ತೀನಿ ಅನ್ನೋದಕ್ಕಿಂತ ಮುಂಚೆ ತೋಟ ಹಾಕಿ ಅಂತಾನೆ. ಸಸಿ ನೆಟ್ಟು ಐದಾರು ವರ್ಷ ಸುಮ್ನೆ ನೀರು ಗೊಬ್ಬರ ಹಾಕ್ಕೊಂಡು ಕಾಯೋ ನಿಮಗೆ ಇದನ್ನ ನಾನೇನು ಬಿಡಿಸಿ ಹೇಳೋದು.

ಲಾಜಿಕ್ ಭದ್ರಾವತಿ

ಟೀಚರ್ ಚೆನ್ನಾಗಿ ಹೇಳಿದ್ರಿ ಆದ್ರೆ ಒಂದು ಡೌಟು, ನಾನು ಚರ್ಚಿಗೂ ಹೋಗಲ್ಲ ದೇವಸ್ಥಾನಕ್ಕೂ ಹೋಗಲ್ಲ, ಅದನ್ನ ಮೊದ್ಲೇ ಹೇಳಿಬಿಡ್ತೀನಿ. ಬೆಳೆ ಬಂದ್ರೆ ದೇವರು ನಂಬಿಗಸ್ತ. ಬೆಳೆ ಹೋದ್ರೆ ಅದಕ್ಕೂ ಒಂದು ಯೋಜನೆ ಇದೆ, ಆಗಲೂ ನಂಬಿಗಸ್ತ. ಎರಡು ವರ್ಷ ಆದ್ರೂ ಸರಿ, 70 ಆದ್ರೂ ಸರಿ. ಯಾವ ರಿಸಲ್ಟ್ ಬಂದ್ರೂ ಪಾಸು ಅನ್ನೋ ಪರೀಕ್ಷೆಗೆ ಬೆಲೆ ಎಷ್ಟು? ನಮ್ಮ ಅಂಗಡಿಗೆ ಮಾಲು ಹಾಕೋನು ಹಿಂಗೆ ಮಾತಾಡಿದ್ರೆ ಮುಂದಿನ ವಾರ ಬೇರೆಯವನ ಹತ್ರ ತಗೋತೀನಿ ನಾನು.

ಮಂಡಗದ್ದೆ ಕೊಕ್ಕರೆ

ನ್ಯಾಯವಾದ ಪ್ರಶ್ನೆ. ಹಾರಿಸಕ್ಕೆ ಹೋಗಲ್ಲ. ಅಡಿಕೆ ರೇಟು, ಆರೋಗ್ಯ, ಮಳೆ ಇದ್ಯಾವುದ್ರಲ್ಲೂ ದೇವರನ್ನ ಪರೀಕ್ಷೆ ಮಾಡಕ್ಕೆ ಬರಲ್ಲ, ಮಾಡಿದೋರು ಯಾರೂ ಒಂದೇ ಉತ್ತರಕ್ಕೆ ಬಂದಿಲ್ಲ. ಆದ್ರೆ ಎಲ್ಲಾ ಕಡೆ ನುಣುಚಿಕೊಂಡಿದಾರೆ ಅನ್ಬೇಡಿ. ಯೇಸುವಿನ ಅಪೊಸ್ತಲ ಪೌಲ ಬೈಬಲಿನ 1 ಕೊರಿಂಥ 15ರಲ್ಲಿ ನೇರವಾಗಿ ಪಣಕ್ಕಿಟ್ಟಿದಾನೆ, ಕ್ರಿಸ್ತ ಎದ್ದು ಬರ್ಲಿಲ್ಲ ಅಂದ್ರೆ ನಮ್ಮ ಸಾರೋಣನೂ ದಂಡ ನಿಮ್ಮ ನಂಬಿಕೆನೂ ದಂಡ ಅಂತ. ಕ್ರೈಸ್ತರು ನಂಬಿಗಸ್ತ ಅನ್ನೋ ಮಾತಿಗೆ ಆಧಾರ ಹುಡುಕೋದು ಅಲ್ಲಿ, ಈ ವರ್ಷದ ಫಸಲಲ್ಲಿ ಅಲ್ಲ. ನೀವು ಅದನ್ನ ಒಪ್ಪಬೇಕು ಅಂತಿಲ್ಲ. ಎಲ್ಲಿ ಬಡಿದ್ರೆ ಬೀಳತ್ತೆ ಅಂತ ಅವನೇ ಜಾಗ ತೋರಿಸಿದಾನೆ ಅಂತ ಮಾತ್ರ ಹೇಳ್ತಿದೀನಿ.

ಲಾಜಿಕ್ ಭದ್ರಾವತಿ

ಸರಿ, ಅದು ಮಾತು. ಒಪ್ಪಲ್ಲ, ಆದ್ರೆ ಮಾತು.

ಮುಳುಗಡೆ ಸಾಗರ

ನಾನು ಹಿಂದೂ, ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ಹಿಂಗಾರದವರ ಪೋಸ್ಟ್ ಓದಿ ಸುಮ್ನಿರಕ್ಕಾಗ್ಲಿಲ್ಲ. ನಮ್ಮಜ್ಜ ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಯ್ತಲ್ಲ, ನಮ್ಮ ಮನೆ ಗದ್ದೆ ಕೊಟ್ಟಿಗೆ ಎಲ್ಲಾ ಹಿನ್ನೀರಿನ ಅಡಿಗೆ ಹೋಯ್ತು, ಲಾರಿಲಿ ತಂದು ಕಾಡಲ್ಲಿ ಇಳಿಸಿದ್ರು ಅಂತ ಅಜ್ಜಿ ಹೇಳೋರು. ಜಮೀನು ಕೊಡ್ತೀವಿ ಅಂದಿದ್ರು, ಆ ಮಾತು ಹಿಡ್ಕೊಂಡು ಅಜ್ಜ ಹೋದ್ರು, ಅಪ್ಪ ಮುದುಕರಾದ್ರು, ಹಕ್ಕುಪತ್ರಕ್ಕೆ ಈಗ ನಾನು ಓಡಾಡ್ತಿದೀನಿ. ಮನೇಲಿ ಒಂದು ಟ್ರಂಕು ತುಂಬ ಕಾಗದ ಇದೆ. ನಿಮ್ಮದು 34, ನಮ್ಮದು ಎಣಿಸಿಲ್ಲ.

ನಮಗೆ ಕೊಟ್ಟ ಮಾತು ಅಂದ ಕೂಡ್ಲೇ ನೆನಪಾಗೋದು ಪುಣ್ಯಕೋಟಿ ಹಸು. ಕರುಗೆ ಹಾಲು ಕುಡಿಸಿ ಬರ್ತೀನಿ ಅಂತ ಹುಲಿಗೆ ಹೇಳಿ ಹೋಗಿ, ಹೇಳ್ದಂಗೆ ವಾಪಸ್ ಬಂತು. ನಾನು ಕೇಳೋದು, ನಿಮ್ಮ ದೇವರು ಈ ಕಥೇಲಿ ಯಾವ ಕಡೆ?

ತುಂಗಾ ತೀರದ ಟೀಚರು

ಅಯ್ಯೋ ಎಂಥ ಪ್ರಶ್ನೆ ಕೇಳಿದ್ರಿ. ರಾತ್ರಿ ಪೂರ್ತಿ ತಲೇಲಿ ಇತ್ತು.

ಭಕ್ತರೆಲ್ಲ ಹಸು, ದೇವರು ಮೇಲೆ ಕೂತು ಪರೀಕ್ಷೆ ಮಾಡೋ ಹುಲಿ ಅಂತ ಎಷ್ಟೋ ಸಲ ನಮಗೇ ಅನ್ಸತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಮ್ಮ ನಂಬಿಕೆ ಹೇಳೋದು ಉಲ್ಟಾ. ಶಿಲುಬೆ ಅಂದ್ರೆ ದೇವರೇ ಹಸುವಿನ ಜಾಗದಲ್ಲಿ ನಡ್ಕೊಂಡು ಬಂದಿದ್ದು.

ಆದಿಕಾಂಡ 15ರಲ್ಲಿ ಇನ್ನೊಂದಿದೆ. ಹಳೇ ಕಾಲದಲ್ಲಿ ಕರಾರು ಮಾಡ್ಕೊಳ್ಳುವಾಗ ಪ್ರಾಣಿಗಳನ್ನ ಎರಡು ಹೋಳು ಮಾಡಿ ಆ ಕಡೆ ಈ ಕಡೆ ಇಟ್ಟು ನಡುವೆ ನಡೀತಿದ್ರು, ಮಾತು ತಪ್ಪಿದ್ರೆ ನನಗೂ ಇದೇ ಗತಿ ಬರ್ಲಿ ಅಂತ. ದೇವರು ಮಾತು ಕೊಟ್ಟ ಅಬ್ರಾಮ (ಆಮೇಲೆ ಅಬ್ರಹಾಮ ಅಂತ ಹೆಸರಾಯ್ತು) ಎಲ್ಲಾ ಸಿದ್ಧ ಮಾಡಿ, ಹದ್ದುಗಳನ್ನ ಓಡಿಸ್ತಾ ಕೂತು, ಹೊತ್ತು ಮುಳುಗುವಾಗ ಗಾಢ ನಿದ್ದೆಗೆ ಬೀಳ್ತಾನೆ. ಹೋಳುಗಳ ನಡುವೆ ಹೊಗೆಯಾಡೋ ಒಲೆ, ಉರಿಯೋ ಪಂಜು ಹಾದು ಹೋಗತ್ತೆ, ಅದು ದೇವರ ಗುರುತು. ಅಬ್ರಾಮ ನಡೆಯೋದೇ ಇಲ್ಲ. ಕರಾರಿಗೆ ಒಬ್ಬರೇ ಸಹಿ ಹಾಕಿದಂಗೆ. ಒಡಂಬಡಿಕೆ ಅಂತ ನಾವು ದಿನಾ ಬಾಯಲ್ಲಿ ಹೇಳೋ ಮಾತಿನ ಹಿಂದೆ ಇಷ್ಟಿದೆ.

ಇನ್ನು ನಿಮ್ಮ ಹಕ್ಕುಪತ್ರದ ವಿಷಯ. ಆ ಅಬ್ರಹಾಮನಿಗೆ ಕಾನಾನ್ ದೇಶ ಪೂರಾ ಕೊಡ್ತೀನಿ ಅಂದಿದ್ದು. ಹೊರಟಾಗ 75 ವರ್ಷ, ಮಗ ಹುಟ್ಟಿದಾಗ 100. ಸಾಯೋ ಹೊತ್ತಿಗೆ ಅವನ ಸ್ವಂತದ್ದು ಅಂತ ಇದ್ದ ಭೂಮಿ ಯಾವುದು? ಹೆಂಡತಿ ಸಾರಳನ್ನ ಮಣ್ಣು ಮಾಡಕ್ಕೆ ಅಂತ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಕೊಂಡ ಮಕ್ಪೇಲದ ಹೊಲ, ಅದ್ರಲ್ಲಿದ್ದ ಗವಿ. ಅದೂ ದುಡ್ಡು ಕೊಟ್ಟು!

ಮುಳುಗಡೆ ಸಾಗರ

ಅಂದ್ರೆ ಅವನೂ ಸಂತ್ರಸ್ತನೇ ಅನ್ನಿ 😀 ಅಜ್ಜಂಗೆ ಹೇಳಿದ್ರೆ ಖುಷಿ ಪಡೋರು.

ಲಾಜಿಕ್ ಭದ್ರಾವತಿ

ಒಂದು ತಿದ್ದುಪಡಿ. ಪುಣ್ಯಕೋಟಿನ ಹುಲಿ ತಿನ್ನಲ್ಲ. ನಿಮ್ಮ ಕಥೇಲಿ ತಿಂತು.

ತುಂಗಾ ತೀರದ ಟೀಚರು

ಹೌದಪ್ಪ. ತಿಂತು. ಮೂರು ದಿನ ಹೊಟ್ಟೇಲಿ ಇಟ್ಕೊಳ್ಳಕ್ಕೆ ಆಯ್ತು ಅಷ್ಟೇ, ಆಮೇಲೆ ಎದ್ದು ಬಂದ.

ಮೊಂತಿ ತೆನೆ

ತೀರ್ಥಹಳ್ಳಿ ಕಡೆಯವಳು, ಕೊಂಕಣಿ ಕ್ಯಾಥೊಲಿಕ್. ನಮ್ಮಲ್ಲಿ ಈ ಕಾರ್ಡಿನ ಪದ್ಧತಿ ಅಷ್ಟಿಲ್ಲ, ಆದ್ರೆ ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಹೊಸ ಭತ್ತದ ತೆನೆಯನ್ನ ಚರ್ಚಲ್ಲಿ ಆಶೀರ್ವಾದ ಮಾಡಿಸಿ ತಂದು ಹೊಸ ಅಕ್ಕಿ ಕಾಳನ್ನ ಹಾಲಿಗೆ ಹಾಕಿ ಮನೆಮಂದಿ ಎಲ್ಲ ತಗೋತೀವಿ, ಅವತ್ತು ಮೀನಿಲ್ಲ ಮಾಂಸ ಇಲ್ಲ. ನಾನು ಸಣ್ಣೋಳಿದ್ದಾಗ ಒಂದು ವರ್ಷ ನೆರೆ ಬಂದು ನಮ್ಮ ಗದ್ದೆ ಪೂರ್ತಿ ಕೊಚ್ಕೊಂಡು ಹೋಗಿತ್ತು. ಈ ಸಲ ತೆನೆ ಎಲ್ಲಿಂದ ತರೋದು ಅಂತ ನನಗೆ ಅಳು. ಮಮ್ಮಿ ಪಕ್ಕದ ಗೌಡ್ರ ಮನೆಗೆ ಹೋಗಿ ಎರಡು ಹಿಡಿ ತೆನೆ ಕೇಳಿ ತಂದ್ರು. ಗೌಡ್ತಿ ಅಮ್ಮ ಹಬ್ಬದ ದಿನ ಖಾಲಿ ಕೈಲಿ ಹೋಗ್ಬಾರ್ದು ಅಂತ ಸೌತೆಕಾಯಿ ಬೇರೆ ಕೊಟ್ಟಿದ್ರು. ಬೇರೆಯವರ ಗದ್ದೆ ಬೆಳೆಗೆ ನಾವ್ಯಾಕೆ ಥ್ಯಾಂಕ್ಸ್ ಹೇಳ್ಬೇಕು ಅಂತ ಕೇಳಿದ್ದೆ ನಾನು, ಮಮ್ಮಿ ಉತ್ತರ ಕೊಡ್ಲಿಲ್ಲ, ಕಾಳು ಜಜ್ಜು ಬಾ ಅಂದ್ರು. ಈ ಥ್ರೆಡ್ ಓದ್ತಾ ಅದು ನೆನಪಾಯ್ತು, ಇಲ್ಲಿಗೆ ಹೊಂದತ್ತೋ ಇಲ್ವೋ ಗೊತ್ತಿಲ್ಲ.

ಹೊಸನಗರದ ಹಿಂಗಾರ

ಹೊಂದತ್ತೆ ಅಕ್ಕ.

ಎಲ್ಲಾ ಓದಿದೆ, ಎರಡೆರಡು ಸಲ. ಟೀಚರಮ್ಮ, 70 ವರ್ಷದ ವಿಷಯ ಅರ್ಥ ಆಯ್ತು, ಆದ್ರೆ ನಿಜ ಹೇಳ್ಬೇಕು ಅಂದ್ರೆ ಸಮಾಧಾನ ಆಗ್ಲಿಲ್ಲ. ಇನ್ನೊಂದು ಹೇಳ್ಕೋಬೇಕು. ಅಪ್ಪಂಗೆ ಕೊನೆ ಕೊನೆಗೆ ಉಸಿರು ಕಟ್ತಿತ್ತು, ಒಂದು ರಾತ್ರಿ ಆಸ್ಪತ್ರೆ ಮೆಟ್ಲಲ್ಲಿ ಕೂತು ನಾನು ಪ್ರಾರ್ಥನೆ ಅಂತ ಶುರು ಮಾಡಿ ದೇವರಿಗೆ ಬಾಯಿಗೆ ಬಂದಂಗೆ ಬೈದಿದೀನಿ. ಮಾತು ಕೊಟ್ಟೋನು ನೀನು, ಎಲ್ಲೋಗಿದೀಯ ಅಂತ. ಅದನ್ನ ಯಾರ ಹತ್ರನೂ ಹೇಳಿಲ್ಲ. ಆಮೇಲೆ ಸಭೇಲಿ ಸಾಕ್ಷಿ ಹೇಳಿ, ದೇವರು ಮಾಡಿದ ಒಳ್ಳೇದನ್ನ ಹೇಳಿ ಅಂದ್ರೆ ಎದ್ದು ನಿಲ್ಲಕ್ಕಾಗ್ತಿಲ್ಲ.

ಮಂಡಗದ್ದೆ ಕೊಕ್ಕರೆ

ತಮ್ಮಾ, 89ನೇ ಕೀರ್ತನೆ ಪೂರ್ತಿ ಓದಿದೀಯಾ? ಅರ್ಧ ಅಲ್ಲ, ಪೂರ್ತಿ. ನಮ್ಮ ಸಭೆಗಳಲ್ಲಿ ಮೊದಲರ್ಧ ಮಾತ್ರ ಓದ್ತಾರೆ. ದೇವರ ನಂಬಿಗಸ್ತಿಕೆ ಬಗ್ಗೆ ಇಷ್ಟು ಸಲ ಹೇಳೋ ಕೀರ್ತನೆ ಇನ್ನೊಂದಿಲ್ಲ, ಆಕಾಶದಷ್ಟು ಗಟ್ಟಿ, ದಾವೀದನಿಗೆ ಆಣೆ ಇಟ್ಟಿದೀಯ, ಸುಳ್ಳಾಡಲ್ಲ ಅಂತ. 38ನೇ ವಚನಕ್ಕೆ ಬಂದ್ರೆ ದಬಕ್ ಅಂತ ತಿರುಗತ್ತೆ. ನೀನೇ ಒಡಂಬಡಿಕೆ ಮುರಿದೆ, ಕಿರೀಟ ಮಣ್ಣಿಗೆ ಹಾಕ್ದೆ, ಎಲ್ಲಿ ನಿನ್ನ ಹಳೇ ಕೃಪೆ, ಎಲ್ಲಿ ಆ ಆಣೆ ಅಂತ. ನೀನು ಆಸ್ಪತ್ರೆ ಮೆಟ್ಲಲ್ಲಿ ಕೇಳಿದ್ದೇ ಅದು. ಅದನ್ನ ಬೈಗುಳ ಅಂತ ತೆಗೆದುಹಾಕ್ಲಿಲ್ಲ, ಪ್ರಾರ್ಥನೆ ಪುಸ್ತಕದಲ್ಲೇ ಸೇರಿಸಿಟ್ಟಿದಾರೆ, ನಮ್ಮಜ್ಜಿ ಭಾಷೇಲಿ ಹೇಳ್ಬೇಕು ಅಂದ್ರೆ ಹಾಡಿ ಅಂತ ಕೊಟ್ಟಿದಾರೆ. ಮಾತು ಉಳಿಸ್ಕೊಳ್ಳಲ್ಲ ಅಂತ ಗೊತ್ತಿರೋನ ಹತ್ರ ಯಾರಾದ್ರೂ ಹೋಗಿ ಮಾತು ಕೊಟ್ಟಿದ್ದೆಯಲ್ಲ ಅಂತ ಜಗಳ ಆಡ್ತಾರಾ? ಅಂಥೋರ ಮನೆ ಕಡೆ ತಲೆ ಹಾಕಿ ಮಲಗಲ್ಲ ನಾವು.

ಬೈಬಲಿನ ಪ್ರಲಾಪಗಳು ಅನ್ನೋ ಪುಸ್ತಕನೂ ಅಷ್ಟೇ. ದಿನದಿನವೂ ಹೊಸದಾಗಿ ಬರೋ ಕರುಣೆ, ನಿನ್ನ ಸತ್ಯಸಂಧತೆ ದೊಡ್ಡದು ಅಂತ ಗೋಡೆಗೆ ಹಾಕ್ಕೋತೀವಲ್ಲ, 3ನೇ ಅಧ್ಯಾಯದ 22, 23. ಅದು ಬರೆದಿರೋದು ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮು ಸುಟ್ಟು ಬೂದಿಯಾದ ಮೇಲೆ. ಹೆತ್ತ ತಾಯಂದಿರು ಹಸಿವಿಗೆ ಮಕ್ಕಳನ್ನ ಬೇಯಿಸಿದ್ರು ಅಂತ ಅದರ ಮುಂದಿನ ಅಧ್ಯಾಯದಲ್ಲೇ ಇದೆ. ಐದು ಪದ್ಯ, ಮೊದಲ ನಾಲ್ಕು ಹೀಬ್ರೂ ಅಕ್ಷರಮಾಲೆ ಕ್ರಮದಲ್ಲಿ, ನಮ್ಮ ಅ ಆ ಇ ಈ ತರ 22 ಅಕ್ಷರ. ಅಳಕ್ಕೂ ಒಂದು ಸಾಲು ಹಿಡ್ಕೊಂಡು ಅತ್ತಿದಾರೆ. ಪುಸ್ತಕ ಮುಗಿಯೋದು ಎಂತ ಅಂತ? ನಮ್ಮನ್ನ ಪೂರ್ತಿ ತಳ್ಳಿಬಿಟ್ಯಾ ಅನ್ನೋ ಧಾಟೀಲಿ. ಯೆಹೂದ್ಯರು ಇದನ್ನ ಸಿನಗಾಗಲ್ಲಿ ಓದುವಾಗ ಅಲ್ಲಿಗೆ ನಿಲ್ಸಕ್ಕೆ ಮನಸ್ಸಾಗದೆ ಅದರ ಹಿಂದಿನ ವಚನ ಇನ್ನೊಂದ್ಸಲ ಓದಿ ಮುಗಿಸ್ತಾರೆ.

ತುಂಗಾ ತೀರದ ಟೀಚರು

ಇದಕ್ಕೆ ಒಂದು ಸೇರಿಸ್ತೀನಿ. ಆ ನಂಬಿಗಸ್ತಿಕೆ ಅನ್ನೋದಕ್ಕೆ ಹೀಬ್ರೂಲಿ ಎಮುನಾ ಅಂತಾರೆ, ನಾವು ಹೇಳೋ ಆಮೆನ್ ಅದರದೇ ಬೇರಿಂದ ಬಂದಿದ್ದು. ವಿಮೋಚನಕಾಂಡ 17ರಲ್ಲಿ ಅಮಾಲೇಕ್ಯರ ಜೊತೆ ಯುದ್ಧ ಆಗುವಾಗ ಮೋಶೆ ಕೈ ಎತ್ತಿ ನಿಂತು ಕೈ ಸೋತು ಹೋಗತ್ತೆ, ಆರೋನ ಹೂರ ಇಬ್ಬರೂ ಆ ಕಡೆ ಈ ಕಡೆ ಹಿಡ್ಕೋತಾರೆ, ಹೊತ್ತು ಮುಳುಗೋವರೆಗೂ ಕೈ ಅಲುಗಾಡ್ಲಿಲ್ಲ ಅಂತ ಇದೆ. ಆ ಅಲುಗಾಡ್ಲಿಲ್ಲ ಅನ್ನೋ ಕಡೆ ಇರೋ ಮೂಲ ಪದ ಇದೇ ಎಮುನಾ. ನಾನು ಇದನ್ನ ಓದಿದ ದಿನದಿಂದ ನಂಬಿಗಸ್ತ ಅಂದ್ರೆ ಅಡಿಕೆ ಕೊನೆ ಇಳಿಸುವಾಗ ಕೆಳಗೆ ನಿಂತು ಹಗ್ಗ ಹಿಡಿಯೋನೇ ಕಣ್ಮುಂದೆ ಬರ್ತಾನೆ. ಮರ ತೂಗತ್ತೆ, ಮಳೆ ಬರತ್ತೆ, ಅವನು ಹಗ್ಗ ಬಿಡಲ್ಲ.

ಮತ್ತೆ ನಮ್ಮ ಕನ್ನಡದಲ್ಲಿ ನಂಬಿಕೆ, ನಂಬಿಗಸ್ತಿಕೆ ಎರಡೂ ನಂಬು ಅನ್ನೋದರಿಂದಲೇ ಬಂದಿರೋದು ಚೆಂದ. ಗ್ರೀಕಲ್ಲೂ ಪಿಸ್ತಿಸ್ ಅನ್ನೋ ಒಂದೇ ಪದ ಎರಡಕ್ಕೂ ಆಗತ್ತೆ. ನಾವು ಹಿಡ್ಕೊಂಡಿರೋದಾ ಆತನು ಹಿಡ್ಕೊಂಡಿರೋದಾ ಅಂತ ಪೌಲನ ಕಾಗದಗಳ ಕೆಲವು ಸಾಲಿಗೆ ಪಂಡಿತರು ಇವತ್ತಿಗೂ ಕಿತ್ತಾಡ್ತಾರೆ. 2 ತಿಮೊಥೆಯ 2:13 ನೋಡಿದ್ರೆ ನಾವು ಬಿಟ್ರೂ ಆತನು ಬಿಡಲ್ಲ ಅಂತ ಇದೆ. ನಿಂಗೆ ಎದ್ದು ನಿಂತು ಸಾಕ್ಷಿ ಹೇಳಕ್ಕಾಗದಿದ್ರೆ ಕೂತ್ಕೋ. ಬೇರೆಯವರು ಹೇಳ್ತಾರೆ.

ಸ್ತೋತ್ರ ಬ್ರದರ್

ಅಣ್ಣ, ಮೊನ್ನೆ ಬರೆದಿದ್ದಕ್ಕೆ ಸಾರಿ. ಹೆಂಡತಿ ಓದಿ ಬೈದ್ಲು. ಆದ್ರೂ ಮಲಾಕಿಯ ವಚನ ಸುಳ್ಳಲ್ಲ ಅಲ್ವಾ, ಅದರ ಬಗ್ಗೆ ಬೇರೆ ಥ್ರೆಡ್ ಮಾಡ್ತೀನಿ.

ಮಂಡಗದ್ದೆ ಕೊಕ್ಕರೆ

ಮಾಡಿ ಬ್ರದರ್, ಬರ್ತೀನಿ ಅಲ್ಲಿಗೂ.

ಹಿಂಗಾರ ತಮ್ಮಾ, ಬೈಬಲಲ್ಲಿ ಹಬಕ್ಕೂಕ ಅನ್ನೋ ಪ್ರವಾದಿ ಪುಸ್ತಕ ಮೂರೇ ಅಧ್ಯಾಯ, ಕೊನೆ ಸಾಲುಗಳು ರೈತರದ್ದೇ. ಅಂಜೂರ ಚಿಗುರದಿದ್ರೂ, ದ್ರಾಕ್ಷಿ ಬಿಡದಿದ್ರೂ, ಎಣ್ಣೆಮರ ಕೈಕೊಟ್ರೂ, ಕೊಟ್ಟಿಗೆಲಿ ದನ ಇಲ್ಲದಿದ್ರೂ ಅಂತ ಒಂದೊಂದೇ ಲೆಕ್ಕ ಒಪ್ಪಿಸ್ತಾನೆ, ಆದ್ರೂ ನಾನು ಯೆಹೋವನಲ್ಲಿ ಖುಷಿ ಪಡ್ತೀನಿ ಅಂತಾನೆ. ನಮ್ಮ ಕಡೆ ಬರೆದಿದ್ರೆ ಹಿಂಗಾರ ಒಣಗಿದ್ರೂ, ಸೋಗೆ ಚುಕ್ಕಿ ಹಿಡಿದ್ರೂ, ಮೆಣಸಿನ ಬಳ್ಳಿ ಕೊಳೆತ್ರೂ, ಮಂಡಿಲಿ ರೇಟು ಬಿದ್ರೂ ಅಂತಿರ್ತಿತ್ತು. ಅಪ್ಪ ಕಾರ್ಡಿನ ಹಿಂದೆ ಮಾಡ್ತಿದ್ದಿದ್ದು ಅದೇ ಏನೋ ಅಂತ ನಂಗನ್ಸತ್ತೆ, ನಾನು ಅವರನ್ನ ನೋಡಿದೋನಲ್ಲ, ಹೆಚ್ಚು ಹೇಳಕ್ಕೆ ಹೋಗಲ್ಲ.

ಹೊಸನಗರದ ಹಿಂಗಾರ

ನಾಲ್ಕು ದಿನ ಕರೆಂಟ್ ಇರ್ಲಿಲ್ಲ, ಟವರ್ ಇರ್ಲಿಲ್ಲ, ಈಗ ನೋಡ್ತಿದೀನಿ. ಎಲ್ಲರಿಗೂ ಥ್ಯಾಂಕ್ಸ್, ಲಾಜಿಕ್ ಅವರಿಗೂ.

ಕೊಕ್ಕರೆ ಅಣ್ಣ, ನೀವು ಅಂದಿದ್ದು ಓದಿ ಅಮ್ಮನ ಹತ್ರ ಹೋಗಿ ಕೇಳ್ದೆ, ಅಪ್ಪ ಈ ಕಾರ್ಡ್ ಹಿಂದೆ ಯಾಕೆ ಲೆಕ್ಕ ಬರೀತಿದ್ರು ಅಂತ. ಅಮ್ಮ ಅಡಿಕೆ ಸುಲಿಯೋ ಕತ್ತಿಗೆ ಎಣ್ಣೆ ಹಚ್ತಿದ್ರು, ತಲೆ ಎತ್ತದೆ "ಗಟ್ಟಿ ರಟ್ಟು ಕಣೋ, ಮಳೆಗಾಲದಲ್ಲಿ ಬೇರೆ ಕಾಗದ ಮೆತ್ತಗಾಗತ್ತೆ ಅಂತಿದ್ರು" ಅಂದ್ರು. ಅಷ್ಟೇ.

ಕೊನೇ ಕಾರ್ಡು, 34ನೇದು, ಹಿಂದೆ ಖಾಲಿ ಇದೆ. ಬರೆಯೋ ಅಷ್ಟು ಶಕ್ತಿ ಇರ್ಲಿಲ್ಲ ಆಗ ಅವರಿಗೆ. ನಾಳೆ ಮಳೆ ಬಿಟ್ರೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ ಸುಣ್ಣದ ದ್ರಾವಣ) ಹೊಡ್ಸೋದು ಅಂತ ಕೊನೆಗೌಡ್ರಿಗೆ ಹೇಳಿದೀನಿ. ಅದರಲ್ಲೇ ಬರೆದೆ, ಮೈಲುತುತ್ತ 10 ಕೆಜಿ, ಸುಣ್ಣ 10 ಕೆಜಿ.

ಮಂಡಗದ್ದೆ ಕೊಕ್ಕರೆ

ಸುಣ್ಣ ಸರಿಯಾಗಿ ಸೋಸ್ಕೊಳ್ಳಿ, ಇಲ್ಲಾಂದ್ರೆ ನಾಝಲ್ ಕಟ್ಕೊಳತ್ತೆ. ಮಳೆ ನಾಳೆ ಮಧ್ಯಾಹ್ನದವರೆಗೆ ಬಿಡೋ ಹಂಗೆ ಕಾಣ್ತಿದೆ, ಇಲ್ಲಿ ಮಂಡಗದ್ದೇಲಿ ಈಗ ಸ್ವಲ್ಪ ಬಿಸಿಲಿದೆ.